ಸೋಲಾರಿಸ್ ಸರ್ವರ್‌ಗೆ ಸ್ಯಾನ್ ಡಿಸ್ಕ್ ಜೋಡಿಸೋದು: ಕೇಬಲ್ಲಿಂದ ಝಡ್‌ಪೂಲ್ ತನಕ

ಸ್ಟೋರೇಜ್ ಟೀಮಿಂದ ಒಂದು ಸಾಲಿನ ಮೇಲ್ ಬಂದಿರುತ್ತೆ, "ಲನ್ ಅಲಾಟ್ ಆಗಿದೆ, ಚೆಕ್ ಮಾಡಿ" ಅಂತ. ಲನ್ ಅಂದ್ರೆ ಸ್ಯಾನ್, ಅಂದ್ರೆ ಸ್ಟೋರೇಜ್ ನೆಟ್‌ವರ್ಕ್ ಮೂಲಕ ನಮ್ಮ ಸರ್ವರ್‌ಗೆ ಕೊಡೋ ಡಿಸ್ಕ್. ನೀವು ಸರ್ವರ್‌ಗೆ ಲಾಗಿನ್ ಆಗಿ ಡಿಸ್ಕ್ ಪಟ್ಟಿ ನೋಡೋಕೆ ಫಾರ್ಮ್ಯಾಟ್ ಅಂತ ಹೊಡೀತೀರ, ಒಳಗಡೆ ಇರೋ ಎರಡು ಬೂಟ್ ಡಿಸ್ಕ್ ಬಿಟ್ರೆ ಏನೂ ಕಾಣಲ್ಲ. ಇಲ್ಲಾ ಇನ್ನೂ ಫಜೀತಿ, ಎರಡು ಡಿಸ್ಕ್ ಕೇಳಿದ್ರೆ ಎಂಟು ಕಾಣುತ್ತೆ, ಎಂಟೂ ಒಂದೇ ಸೈಜು, ಯಾವುದು ನಮ್ದು ಯಾವುದು ಅಲ್ಲ ಅಂತ ತಲೆಬುಡ ತಿಳಿಯಲ್ಲ. ಈ ಕೆಲಸದಲ್ಲಿ ಕಮಾಂಡು ಕಷ್ಟ ಅಲ್ಲ ಕಣ್ರೀ, ಎಲ್ಲಾ ಸೇರಿಸಿದ್ರೆ ಹತ್ತು ಹನ್ನೆರಡು ಕಮಾಂಡು ಅಷ್ಟೆ. ಕಷ್ಟ ಇರೋದು ನಾನು ಕೈ ಇಡ್ತಿರೋ ಡಿಸ್ಕ್ ನನ್ನ ಸರ್ವರ್‌ದೇನಾ ಅಂತ ಗ್ಯಾರಂಟಿ ಮಾಡ್ಕೊಳ್ಳೋದರಲ್ಲಿ. ಹಾಗಾಗಿ ಪ್ರತಿ ಹಂತದಲ್ಲೂ ಅದನ್ನೇ ಮತ್ತೆ ಮತ್ತೆ ಹೇಳ್ತೀನಿ, ಬೇಜಾರಾದ್ರೆ ಕ್ಷಮಿಸಿ.

ಇಲ್ಲಿ ಹೇಳೋದು ಸ್ಪಾರ್ಕ್ (ಸನ್ ಕಂಪನಿ ಪ್ರೊಸೆಸರ್) ಸರ್ವರ್ ಮೇಲಿನ ಸೋಲಾರಿಸ್ 10ಕ್ಕೆ (ಅವರದೇ ಯುನಿಕ್ಸ್), ಫೈಬರ್ ಚಾನೆಲ್ ಅರೇ, ಅಂದ್ರೆ ಬೆಳಕಿನ ಕೇಬಲ್ಲಲ್ಲಿ ಜೋಡಿಸೋ ಡಿಸ್ಕ್ ಪೆಟ್ಟಿಗೆ ಜೊತೆ. ಸನ್ ಕಂಪನಿನ 2010ರಲ್ಲಿ ಒರಾಕಲ್ ತಗೊಂಡ್ಮೇಲೂ ಈ ಡಬ್ಬಗಳು ಎಷ್ಟೋ ಕಡೆ ಇನ್ನೂ ಓಡ್ತಾ ಇವೆ, ಆಫ್ ಮಾಡೋಕೆ ಯಾರಿಗೂ ಧೈರ್ಯ ಇಲ್ಲ. ಸೋಲಾರಿಸ್ 11ಕ್ಕೂ ಹೆಚ್ಚುಕಮ್ಮಿ ಇದೇ ದಾರಿ. ಕಮಾಂಡುಗಳನ್ನ ಕನ್ನಡದಲ್ಲೇ ಬರೀತಿದೀನಿ, ಟೈಪ್ ಮಾಡೋವಾಗ ದೊಡ್ಡಕ್ಷರ ಅಂತ ಹೇಳಿದ್ದು ಬಿಟ್ಟು ಎಲ್ಲಾ ಇಂಗ್ಲಿಷ್ ಸಣ್ಣಕ್ಷರ, ಎಡಿಎಂ ಅಂತ ಬಂದಲ್ಲಿ ಎ, ಡಿ, ಎಂ ಮೂರೂ ಅಕ್ಷರ ಹಿಂದಿನ ಪದಕ್ಕೆ ಅಂಟಿಸಿ.

ಮೊದಲು ಒಂದು ಶೀಟ್ ಮಾಡಿ

ಎಕ್ಸೆಲ್ಲೋ, ನೋಟ್‌ಬುಕ್ಕಿನ ಹಾಳೆನೋ, ಏನಾದ್ರೂ ಸರಿ. ಸರ್ವರ್ ಹೆಸರು, ಪ್ರತಿ ಎಚ್‌ಬಿಎ (ಸ್ಯಾನ್‌ಗೆ ಜೋಡಿಸೋ ಕಾರ್ಡ್) ಪೋರ್ಟಿನ ಡಬ್ಲ್ಯೂಡಬ್ಲ್ಯೂಎನ್ (ಆ ಪೋರ್ಟಿನ ಗುರುತಿನ ನಂಬರ್), ಅದು ಯಾವ ಸ್ವಿಚ್ಚಿನ ಯಾವ ಪೋರ್ಟಿಗೆ ಹೋಗುತ್ತೆ, ಅರೇ ಕಡೆ ಯಾವ ಪೋರ್ಟ್, ಲನ್ ನಂಬರ್, ಸೈಜ್, ಅರೇ ಒಳಗೆ ಆ ವಾಲ್ಯೂಮಿನ ಐಡಿ. ಕೊನೇ ಕಾಲಂನಲ್ಲಿ ಸೋಲಾರಿಸ್‌ಗೆ ಕಾಣೋ ಡಿಸ್ಕ್ ಹೆಸರು, ಅದು ಈಗ ಖಾಲಿ ಇರ್ಲಿ.

ಡಬ್ಲ್ಯೂಡಬ್ಲ್ಯೂಎನ್ ತಗೊಳ್ಳೋಕೆ ಎಫ್‌ಸಿಇನ್ಫೋ ಎಚ್‌ಬಿಎ-ಪೋರ್ಟ್ ಅಂತ ಕೊಡಿ. ಪ್ರತಿ ಪೋರ್ಟಿಗೂ ಎರಡು ನಂಬರ್ ಬರುತ್ತೆ, ಮೇಲೆ ಪೋರ್ಟ್ ಡಬ್ಲ್ಯೂಡಬ್ಲ್ಯೂಎನ್, ಕೊನೇಲಿ ನೋಡ್ ಡಬ್ಲ್ಯೂಡಬ್ಲ್ಯೂಎನ್. ಸ್ಟೋರೇಜ್‌ನೋರಿಗೆ ಕೊಡ್ಬೇಕಾಗಿರೋದು ಪೋರ್ಟಿಂದು. ಹೊಸಬರು ಹತ್ತರಲ್ಲಿ ಮೂರು ಸಲ ನೋಡ್ ನಂಬರ್ ಕಳಿಸಿ ಇಡೀ ರಾತ್ರಿ ಹಾಳು ಮಾಡ್ಕೊತಾರೆ, ಯಾಕಂದ್ರೆ ನೋಡೋಕೆ ಎರಡೂ ಒಂದೇ ಥರ, ಕ್ಯೂಲಾಜಿಕ್ ಕಾರ್ಡಲ್ಲಿ ಪೋರ್ಟಿಂದು 21ರಿಂದ ಶುರು ಆದ್ರೆ ನೋಡಿಂದು 20ರಿಂದ. ಎಮ್ಯುಲೆಕ್ಸ್ ಆದ್ರೆ ಪೋರ್ಟಿಂದು 10ರಿಂದ ಶುರು. ಒಟ್ಟು 16 ಅಂಕಿ, ಹೆಕ್ಸ್ ಆದ್ದರಿಂದ ನಡುವೆ ಎಯಿಂದ ಎಫ್ ತನಕ ಅಕ್ಷರನೂ ಇರುತ್ತೆ. ಇದನ್ನ ಕಾಪಿ ಪೇಸ್ಟ್ ಮಾಡಿ ಕಳಿಸಿ, ಫೋನಲ್ಲಿ ಮಾತ್ರ ಓದಿ ಹೇಳ್ಬೇಡಿ. ಬಿ, ಡಿ, ಇ ಮೂರೂ ಒಂದೇ ಥರ ಕೇಳ್ಸುತ್ತೆ, ಏಯ್ಟ್ ಅಂದಿದ್ದು ಎ ಆಗುತ್ತೆ, ಡೇಟಾ ಸೆಂಟರ್ ಒಳಗಿನ ಫ್ಯಾನ್ ಸದ್ದಲ್ಲಿ ಕೇಳೋದೇ ಬೇಡ.

ಕೇಬಲ್

ಎರಡು ಎಚ್‌ಬಿಎ ಬೇಕು, ಮತ್ತು ಸಾಧ್ಯ ಆದ್ರೆ ಅವು ಎರಡು ಬೇರೆ ಬೇರೆ ಕಾರ್ಡ್ ಆಗಿರ್ಲಿ. ಒಂದೇ ಕಾರ್ಡಲ್ಲಿ ಎರಡು ಪೋರ್ಟ್ ಇದೆ ಸಾಕು ಅಂತ ದುಡ್ಡು ಉಳಿಸೋರು ಇದಾರೆ, ಕಾರ್ಡೇ ಹೋದ್ರೆ ಎರಡೂ ದಾರಿ ಒಟ್ಟಿಗೆ ಹೋಯ್ತು. ಒಂದು ಕಾರ್ಡ್ ಎ ಫ್ಯಾಬ್ರಿಕ್ಕಿನ (ಸ್ಯಾನ್ ಸ್ವಿಚ್ಚುಗಳ ಒಂದು ಜಾಲ) ಸ್ವಿಚ್ಚಿಗೆ, ಇನ್ನೊಂದು ಬಿ ಫ್ಯಾಬ್ರಿಕ್ಕಿಗೆ. ಆ ಎರಡು ಸ್ವಿಚ್ಚಿನ ನಡುವೆ ಕೇಬಲ್ ಇರ್ಬಾರ್ದು, ಅವು ಎರಡು ಬೇರೆ ಲೋಕ.

ಫೈಬರ್ ಕೇಬಲ್ಲಿಗೆ ಓಎಂ ಅಂತ ದರ್ಜೆ ಇರುತ್ತೆ, ನೀರಿನ ನೀಲಿ ಬಣ್ಣದ ಕೇಬಲ್ ಓಎಂ3 ಅಥವಾ ಓಎಂ4, ಹಳೇ ಕಿತ್ತಳೆ ಬಣ್ಣದ್ದು ಓಎಂ2 ಇಲ್ಲಾ ಅದಕ್ಕಿಂತ ಹಳೇದು. 8 ಗಿಗಾಬಿಟ್ ಸ್ಪೀಡಲ್ಲಿ ಓಎಂ3 ಸುಮಾರು 150 ಮೀಟರ್ ತನಕ ಎಳೆಯುತ್ತೆ, ಓಎಂ2 50 ಮೀಟರ್‌ಗೇ ಸುಸ್ತು. ರ‍್ಯಾಕ್ ಕೆಳಗಡೆ ಎಲ್ಲೋ ಬಿದ್ದಿರೋ ಕಿತ್ತಳೆ ಕೇಬಲ್ ಸಿಕ್ತು ಅಂತ ಅದನ್ನೇ ಸಿಗಿಸ್ಬೇಡಿ. ತುದಿಯ ಕ್ಯಾಪ್ ತೆಗೆದ್ಮೇಲೆ ಬೆರಳು ತಾಗಿಸ್ಬೇಡಿ, ಪಂಚೆಗೋ ಷರ್ಟಿಗೋ ಒರೆಸ್ಬೇಡಿ, ಒಂದು ಕ್ಲೀನಿಂಗ್ ಪೆನ್ ಬರುತ್ತೆ, ತುದಿಗೆ ಒತ್ತಿದ್ರೆ ಟಿಕ್ ಅನ್ನುತ್ತೆ, ಅದರಲ್ಲೇ ಒರೆಸಿ. ತುದಿ ಒಳಗೆ ಇಣುಕಿ ನೋಡೋದೂ ಬೇಡ, ಆ ಲೇಸರ್ ಕಣ್ಣಿಗೆ ಕಾಣಲ್ಲ ಆದ್ರೆ ಕಣ್ಣಿಗೆ ಒಳ್ಳೇದಲ್ಲ.

ಸಿಗಿಸಿದ್ಮೇಲೆ ಮತ್ತೆ ಎಫ್‌ಸಿಇನ್ಫೋ ಎಚ್‌ಬಿಎ-ಪೋರ್ಟ್. ಸ್ಟೇಟ್ ಆನ್‌ಲೈನ್ ಇರ್ಬೇಕು, ಟೈಪ್ ಎನ್-ಪೋರ್ಟ್ ಅಂತಿರ್ಬೇಕು, ಕರೆಂಟ್ ಸ್ಪೀಡ್ ನೀವು ಅಂದ್ಕೊಂಡಷ್ಟೇ ಇರ್ಬೇಕು. ಎರಡೂ ಕಡೆ ಬೆಳಕಿದೆ ಲಿಂಕ್ ಮಾತ್ರ ಏಳ್ತಿಲ್ಲ ಅಂದ್ರೆ ಕೇಬಲ್ಲಿನ ಎರಡು ಎಳೆ ಅದಲು ಬದಲಾಗಿರುತ್ತೆ, ಒಂದು ತುದಿಯ ಕ್ಲಿಪ್ ಬಿಚ್ಚಿ ಎಳೆ ತಿರುಗಿಸಿ ಹಾಕಿ. ಲಿಂಕ್ ಎದ್ದಿದೆ ಆದ್ರೆ ಅನುಮಾನ ಇದೆ ಅಂದ್ರೆ ಅದೇ ಕಮಾಂಡಿಗೆ -ಎಲ್ ಸೇರಿಸಿ, ಇನ್‌ವ್ಯಾಲಿಡ್ ಟಿಎಕ್ಸ್ ವರ್ಡ್ ಕೌಂಟ್, ಇನ್‌ವ್ಯಾಲಿಡ್ ಸಿಆರ್‌ಸಿ ಕೌಂಟ್ ಅಂತ ಬರುತ್ತೆ. ನಂಬರ್ ಇದ್ರೆ ಗಾಬರಿ ಬೇಡ, ಕೇಬಲ್ ಹಾಕೋವಾಗ ಸ್ವಲ್ಪ ಏರುತ್ತೆ. ಐದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಬೆಳೀತಾ ಇದ್ರೆ ತುದಿ ಕೊಳಕಾಗಿದೆ ಇಲ್ಲಾ ಎಸ್‌ಎಫ್‌ಪಿ (ಪೋರ್ಟಿನ ಲೇಸರ್ ಮಾಡ್ಯೂಲ್) ಹೋಗ್ತಿದೆ ಅಂತ ಅರ್ಥ, ಅಲ್ಲೇ ನಿಲ್ಸಿ ಸರಿ ಮಾಡಿ ಮುಂದೆ ಹೋಗಿ.

ಝೋನ್ ಮತ್ತು ಮ್ಯಾಪಿಂಗ್

ಇದು ನಿಮ್ಮ ಕೆಲಸ ಅಲ್ಲದೇ ಇರ್ಬಹುದು, ಆದ್ರೂ ಗೊತ್ತಿರ್ಬೇಕು. ಝೋನ್ ಅಂದ್ರೆ ಯಾವ ಪೋರ್ಟ್ ಯಾವ ಪೋರ್ಟನ್ನ ನೋಡ್ಬಹುದು ಅಂತ ಸ್ವಿಚ್ಚಲ್ಲಿ ಬರೆಯೋದು, ಮ್ಯಾಪಿಂಗ್ ಅಂದ್ರೆ ಯಾವ ಲನ್ ಯಾವ ಸರ್ವರಿಗೆ ಅಂತ ಅರೇಲಿ ಬರೆಯೋದು. ಒಂದು ಝೋನಲ್ಲಿ ಒಂದೇ ಎಚ್‌ಬಿಎ ಪೋರ್ಟ್, ಅದರ ಜೊತೆ ಅರೇ ಪೋರ್ಟುಗಳು. ಎರಡು ಸರ್ವರಿನ ಎಚ್‌ಬಿಎನ ಒಂದೇ ಝೋನಿಗೆ ತುಂಬ್ಬೇಡಿ. ಬ್ರೊಕೇಡ್ ಸ್ವಿಚ್ ಆದ್ರೆ ಅಲಿಕ್ರಿಯೇಟ್, ಝೋನ್‌ಕ್ರಿಯೇಟ್, ಸಿಎಫ್‌ಜಿಆಡ್, ಸಿಎಫ್‌ಜಿಎನೇಬಲ್ ಈ ಕ್ರಮ. ಎನೇಬಲ್ ಮಾಡೋಕೆ ಮುಂಚೆ ಈಗಿರೋ ಕಾನ್ಫಿಗ್ ಒಂದು ಫೈಲಿಗೆ ತೆಗೆದಿಟ್ಕೊಳ್ಳಿ, ಯಾಕಂದ್ರೆ ಅದು ಆ ಫ್ಯಾಬ್ರಿಕ್ಕಿನ ಎಲ್ಲಾ ಸರ್ವರಿಗೂ ಸೇರಿದ್ದು. ಎ ಫ್ಯಾಬ್ರಿಕ್ ಮುಗಿಸಿ, ಸರ್ವರ್ ಕಡೆ ನೋಡಿ, ಆಮೇಲೆ ಬಿ ಮುಟ್ಟಿ. ಎರಡನ್ನೂ ಒಂದೇ ಉಸಿರಲ್ಲಿ ಮಾಡಿದ್ರೆ ತಪ್ಪಾದಾಗ ಎರಡು ಕಡೆನೂ ತಪ್ಪಾಗಿರುತ್ತೆ.

ಅರೇ ಕಡೆ ಹೋಸ್ಟ್ ಮೋಡ್ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದು ಸೋಲಾರಿಸ್‌ಗೇ ಇರ್ಬೇಕು, ಹಿಟಾಚಿ ಅರೇಲಿ ಅದು 09. ವಿಂಡೋಸ್ ಮೋಡಲ್ಲಿ ಬಿಟ್ಟಿದ್ರೂ ಡಿಸ್ಕ್ ಕಾಣುತ್ತೆ, ಕೆಲಸನೂ ಮಾಡುತ್ತೆ, ಒಂದು ದಿನ ಕಂಟ್ರೋಲರ್ ಫೇಲ್ ಆದಾಗ ಮಾತ್ರ ಬಣ್ಣ ಬಯಲಾಗುತ್ತೆ.

ಲೆಕ್ಕ ಹೀಗಿರ್ಲಿ: ಎರಡು ಎಚ್‌ಬಿಎ, ಪ್ರತಿಯೊಂದಕ್ಕೂ ಅರೇದು ಎರಡು ಪೋರ್ಟ್, ಅಂದ್ರೆ ಒಂದು ಲನ್‌ಗೆ ನಾಲ್ಕು ದಾರಿ. ಈ ನಾಲ್ಕು ಅನ್ನೋ ನಂಬರ್ ಶೀಟಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತೆ.

ಸರ್ವರಿಗೆ ಡಿಸ್ಕ್ ಕಾಣಿಸೋದು

ಸಿಎಫ್‌ಜಿಎಡಿಎಂ -ಎಎಲ್ ಕೊಡಿ. ಸಿ3, ಸಿ4 ಅಂತ ಕಂಟ್ರೋಲರ್‌ಗಳು ಎಫ್‌ಸಿ-ಫ್ಯಾಬ್ರಿಕ್ ಅಂತ ಕಾಣ್ಬೇಕು, ಅದರ ಕೆಳಗೆ ಅರೇ ಪೋರ್ಟಿನ ಡಬ್ಲ್ಯೂಡಬ್ಲ್ಯೂಎನ್‌ಗಳು. ಅನ್‌ಕಾನ್ಫಿಗರ್ಡ್ ಅಂತಿದ್ರೆ ಸಿಎಫ್‌ಜಿಎಡಿಎಂ -ಸಿ ಕಾನ್ಫಿಗರ್ ಸಿ3. ಕಂಟ್ರೋಲರ್ ಕೆಳಗೆ ಏನೂ ಇಲ್ಲ ಅಂದ್ರೆ ಝೋನ್ ಸರಿ ಇಲ್ಲ. ಅರೇ ಪೋರ್ಟ್ ಕಾಣ್ತಿದೆ ಲನ್ ಕಾಣ್ತಿಲ್ಲ ಅಂದ್ರೆ ಝೋನ್ ಸರಿ ಇದೆ, ಅರೇ ಒಳಗಿನ ಮ್ಯಾಪಿಂಗ್ ಸರಿ ಇಲ್ಲ. ಈ ಎರಡು ಸಾಲು ನೆನಪಿಟ್ಕೊಂಡ್ರೆ ಮಧ್ಯರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಗೊತ್ತಾಗುತ್ತೆ, ನೆಟ್‌ವರ್ಕ್‌ನೋರನ್ನೂ ಸ್ಟೋರೇಜ್‌ನೋರನ್ನೂ ಇಬ್ಬರನ್ನೂ ಎಬ್ಬಿಸಿ ಬೈಸ್ಕೊಳ್ಳೋದು ತಪ್ಪುತ್ತೆ. ಲನ್ ಲನ್ ಆಗಿ ನೋಡೋಕೆ ಎಫ್‌ಸಿಇನ್ಫೋ ರಿಮೋಟ್-ಪೋರ್ಟ್ -ಎಸ್ -ಪಿ, ಮುಂದೆ ನಿಮ್ಮ ಎಚ್‌ಬಿಎ ನಂಬರ್.

ಕೆಲವರು ಲಕ್ಸ್‌ಎಡಿಎಂ -ಇ ಫೋರ್ಸ್‌ಲಿಪ್ ಕೊಟ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಹೇಳ್ಕೊಡ್ತಾರೆ. ಓಡ್ತಿರೋ ಪ್ರೊಡಕ್ಷನ್ ಸರ್ವರಲ್ಲಿ ಅದು ಲಿಂಕನ್ನೇ ಒಂದು ಸಲ ಕುಕ್ಕಿ ಎಬ್ಬಿಸುತ್ತೆ, ಹೋಗ್ತಿರೋ ಐಓ ಗತಿ ಏನು? ಹೊಸ ಸರ್ವರಲ್ಲಿ ಬೇಕಾದ್ರೆ ಮಾಡಿ.

ಕೊನೇಗೆ ಡೆವ್‌ಎಫ್‌ಎಸ್‌ಎಡಿಎಂ ಓಡಿಸಿದ್ರೆ ಡಿವೈಸ್ ಹೆಸರುಗಳು ಹುಟ್ಟುತ್ತೆ.

ಎಂಟು ಡಿಸ್ಕ್ ಎರಡಾಗೋದು

ಎರಡು ಲನ್, ನಾಲ್ಕು ದಾರಿ, ಅದಕ್ಕೇ ಎಂಟು. ಇವನ್ನ ಒಂದುಗೂಡಿಸೋದು ಸೋಲಾರಿಸಿನ ಸ್ವಂತ ಮಲ್ಟಿಪಾಥ್, ಎಂಪಿಎಕ್ಸ್‌ಐಓ. ಸೋಲಾರಿಸ್ 10 ಸ್ಪಾರ್ಕಲ್ಲಿ ಫೈಬರ್ ಚಾನೆಲ್‌ಗೆ ಇದು ತಾನಾಗೇ ಆನ್ ಇರಲ್ಲ, ಎಕ್ಸ್86ರಲ್ಲಿ ಇರುತ್ತೆ. ಆನ್ ಮಾಡೋಕೆ ಎಸ್‌ಟಿಎಂಎಸ್‌ಬೂಟ್ -ಡಿ ಎಫ್‌ಪಿ -ಇ, ಇದರಲ್ಲಿ ಡಿ ಮಾತ್ರ ದೊಡ್ಡಕ್ಷರ. ಆ -ಡಿ ಎಫ್‌ಪಿ ಬಿಟ್ಟು ಬರೀ -ಇ ಕೊಟ್ರೆ ಒಳಗಿನ ಡಿಸ್ಕುಗಳ ಹೆಸರೂ ಬದಲಾಗೋ ಚಾನ್ಸ್ ಇದೆ, ನಮಗೆ ಅದು ಬೇಡ. ರೀಬೂಟ್ ಕೇಳುತ್ತೆ, ಕೊಡ್ಲೇಬೇಕು. ಅದಕ್ಕೆ ಮುಂಚೆ ವಿಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ಫೈಲಿನ ಒಂದು ಕಾಪಿ ಇಟ್ಕೊಳ್ಳಿ. ಎದ್ದು ಬಂದ್ಮೇಲೆ ಎಸ್‌ಟಿಎಂಎಸ್‌ಬೂಟ್ -ಎಲ್ ಕೊಟ್ರೆ, ಇಲ್ಲಿ ಎಲ್ ದೊಡ್ಡದು, ಹಳೇ ಹೆಸರು ಹೊಸ ಹೆಸರು ಅಕ್ಕಪಕ್ಕ ತೋರ್ಸುತ್ತೆ.

ಅರೇ ಕಂಪನಿಯವರ ಬೇರೆ ಮಲ್ಟಿಪಾಥ್ ಸಾಫ್ಟ್‌ವೇರ್ ಏನಾದ್ರೂ ಆಗ್ಲೇ ಇದ್ರೆ ಎರಡನ್ನೂ ಒಂದೇ ಡಿಸ್ಕಿನ ಮೇಲೆ ಓಡಿಸ್ಬೇಡಿ, ಯಾವುದಾದ್ರೂ ಒಂದೇ ಇರ್ಲಿ. ಹಳೇ ಅಪ್‌ಡೇಟ್‌ಗಳಲ್ಲಿ ಬೇರೆ ಕಂಪನಿ ಅರೇನ ಗುರುತಿಸೋಕೆ ಎಸ್‌ಸಿಎಸ್‌ಐ ವಿಎಚ್‌ಸಿಐ ಡ್ರೈವರಿನ ಕಾನ್ಫ್ ಫೈಲಲ್ಲಿ ಹೆಸರು ಸೇರಿಸ್ಬೇಕಾಗುತ್ತೆ, ಅಲ್ಲಿ ಕಂಪನಿ ಹೆಸರಿಗೆ ಸರಿಯಾಗಿ 8 ಅಕ್ಷರದ ಜಾಗ, ಕಮ್ಮಿ ಇದ್ರೆ ಉಳಿದದ್ದು ಸ್ಪೇಸ್ ತುಂಬಬೇಕು, ಹಿಟಾಚಿ ಅಂತ ಇಂಗ್ಲಿಷಲ್ಲಿ ಬರೆದ್ರೆ 7 ಅಕ್ಷರ, ಹಾಗಾಗಿ ಒಂದು ಸ್ಪೇಸ್. ಆ ಒಂದು ಸ್ಪೇಸ್ ಬಿಟ್ಟು ಅರ್ಧ ದಿನ ಪ್ಯಾಚ್ ಹುಡುಕಿದ ಪುಣ್ಯಾತ್ಮ ನಾನೇ.

ಈಗ ಎಂಪಾಥ್‌ಎಡಿಎಂ ಲಿಸ್ಟ್ ಎಲ್‌ಯು ಕೊಡಿ. ಪ್ರತಿ ಲನ್ ಕೆಳಗೆ ಟೋಟಲ್ ಪಾಥ್ ಕೌಂಟ್ ಮತ್ತು ಆಪರೇಷನಲ್ ಪಾಥ್ ಕೌಂಟ್ ಅಂತ ಇರುತ್ತೆ, ಎರಡೂ ಶೀಟಲ್ಲಿ ಬರೆದಿಟ್ಟ ನಾಲ್ಕಕ್ಕೆ ಸಮ ಇರ್ಬೇಕು. ಎರಡೇ ಇದ್ರೆ ಒಂದು ಫ್ಯಾಬ್ರಿಕ್ಕೇ ಕಾಣ್ತಿಲ್ಲ. ಡಿಸ್ಕ್ ಕೆಲಸ ಮಾಡ್ತಿದ್ಯಲ್ಲ ಅಂತ ಬಿಟ್ಟು ಮನೆಗೆ ಹೋಗ್ಬೇಡಿ.

ಉದ್ದ ಹೆಸರನ್ನ ಓದೋದು ಕಲೀರಿ

ಎಂಪಿಎಕ್ಸ್‌ಐಓ ಬಂದ್ಮೇಲೆ ಡಿಸ್ಕ್ ಹೆಸರು ರೈಲುಗಾಡಿ ಥರ ಉದ್ದ ಆಗುತ್ತೆ, ಸಿ0 ಆದ್ಮೇಲೆ ಟಿ, ಆಮೇಲೆ 32 ಅಂಕಿ, ಕೊನೇಲಿ ಡಿ0. ಎಲ್ಲರೂ ಇದನ್ನ ನೋಡಿ ಮುಖ ಸಿಂಡರಿಸ್ತಾರೆ, ನನಗಂತೂ ಇದೇ ಇಷ್ಟ, ಯಾಕಂದ್ರೆ ಡಿಸ್ಕಿನ ಜಾತಕ ಪೂರ್ತಿ ಅದರಲ್ಲಿದೆ. ಶುರುವಿನ ಅಂಕಿ ನೋಡಿದ್ರೆ ಯಾವ ಕಂಪನಿ ಅರೇ ಅಂತ ಗೊತ್ತಾಗುತ್ತೆ: 60060ಇ80 ಅಂದ್ರೆ ಹಿಟಾಚಿ, 60060160 ಅಂದ್ರೆ ಇಎಂಸಿ ಕ್ಲಾರಿಯಾನ್ ಮತ್ತು ವಿಎನ್‌ಎಕ್ಸ್ ಕುಲ, 60000970 ಅಂದ್ರೆ ಇಎಂಸಿ ವಿಮ್ಯಾಕ್ಸ್, 600ಎ0980 ಅಂದ್ರೆ ನೆಟ್‌ಆ್ಯಪ್.

ಕೊನೇ ಅಂಕಿಗಳು ಇನ್ನೂ ಮುಖ್ಯ. ಹಿಟಾಚಿಲಿ ಕೊನೇ ನಾಲ್ಕು ಅಂಕಿ ನೇರವಾಗಿ ಅರೇ ಒಳಗಿನ ಎಲ್‌ಡೆವ್ ನಂಬರ್, ಹೆಸರು 201ಎ ಅಂತ ಮುಗಿದ್ರೆ ಸ್ಟೋರೇಜ್ ಶೀಟಲ್ಲಿ 20:1ಎ ಇರ್ಬೇಕು. ವಿಮ್ಯಾಕ್ಸಲ್ಲಿ ಸ್ವಲ್ಪ ತಮಾಷೆ, ಕೊನೇ 12 ಅಂಕಿ ಆಸ್ಕಿ ಕೋಡಲ್ಲಿರುತ್ತೆ, ಎರಡೆರಡಾಗಿ ಒಡೀಬೇಕು. 533030303134 ಅಂತ ಇದ್ರೆ 53 ಅಂದ್ರೆ ಎಸ್ ಅಕ್ಷರ, 30 ಅಂದ್ರೆ ಸೊನ್ನೆ, 31 ಅಂದ್ರೆ ಒಂದು, 34 ಅಂದ್ರೆ ನಾಲ್ಕು, ಅಂದ್ರೆ ಡಿವೈಸ್ 00014. ಹೀಗೆ ಪ್ರತಿ ಡಿಸ್ಕನ್ನೂ ಬಿಡಿಸಿ ನೋಡಿ ಶೀಟಿನ ಖಾಲಿ ಕಾಲಂ ತುಂಬಿ. ಸೈಜ್ ನೋಡಿ ಗುರುತಿಸೋದು ಲೆಕ್ಕಕ್ಕೇ ಇಲ್ಲ, 500 ಜಿಬಿ ಲನ್ ಊರಿಗೆಲ್ಲಾ ಕೊಟ್ಟಿರ್ತಾರೆ.

ಒಂದು ರಾತ್ರಿ ಕಥೆ

ಇಷ್ಟು ಹಠ ಯಾಕೆ ಅಂತ ಹೇಳ್ಬಿಡ್ತೀನಿ. ಹಿಂದೆ ಒಂದು ಕಡೆ ಕೆಲಸ ಮಾಡ್ತಿದ್ದಾಗ ಶನಿವಾರ ರಾತ್ರಿ ಚೇಂಜ್ ವಿಂಡೋ, ಮೂರು ಹೊಸ ಲನ್ ಬಂದಿದೆ ಅಂದ್ರು, ನನಗೆ ನಾಲ್ಕು ಕಾಣ್ತು, ಎಲ್ಲಾ ಒಂದೇ ಸೈಜ್. ಒಂದು ಜಾಸ್ತಿ ಕೊಟ್ಟಿದಾರೆ ಪುಣ್ಯಾತ್ಮರು ಅಂದ್ಕೊಂಡು ಮೊದಲನೇ ಮೂರನ್ನ ತಗೊಂಡು ಝಡ್‌ಪೂಲ್ ಕ್ರಿಯೇಟ್ (ಸೋಲಾರಿಸಿನ ಝಡ್‌ಎಫ್‌ಎಸ್ ಫೈಲ್‌ಸಿಸ್ಟಂಗೆ ಡಿಸ್ಕುಗಳನ್ನ ಒಂದು ಪೂಲ್ ಮಾಡೋ ಕಮಾಂಡು) ಹೊಡೆದೆ. ಅದು ಬೇಡ ಅಂತು. ಈ ಡಿಸ್ಕ್ ಆ್ಯಕ್ಟಿವ್ ಆಗಿರ್ಬಹುದಾದ ಬೇರೆ ಪೂಲಿಗೆ ಸೇರಿದೆ, ಬೇಕೇ ಬೇಕು ಅಂದ್ರೆ -ಎಫ್ ಹಾಕು ಅಂತ ತಾನೇ ದಾರಿನೂ ತೋರ್ಸ್ತು. ಯಾವುದೋ ಹಳೇ ಡೇಟಾ ಒರೆಸದೆ ಕೊಟ್ಟಿದಾರೆ ಅಂತ ನಾನು -ಎಫ್ ಹಾಕ್ದೆ. ಹತ್ತು ನಿಮಿಷ ಆದ್ಮೇಲೆ ಪಕ್ಕದ ಸೀಟಿನವರು ಎದ್ದು ನಿಂತು "ಲೋ, ರಿಪೋರ್ಟಿಂಗ್ ಸರ್ವರಲ್ಲಿ ಚೆಕ್‌ಸಮ್ ಎರರ್ ಸುರೀತಾ ಇದೆ ಕಣೋ" ಅಂದ್ರು. ಅರೇಲಿ ಎರಡು ಸರ್ವರ್ ಒಂದೇ ಹೋಸ್ಟ್ ಗ್ರೂಪಲ್ಲಿ ಇದ್ವು, ಅವರ ಓಡ್ತಿರೋ ಡಿಸ್ಕ್ ನನಗೂ ಕಾಣ್ತಿತ್ತು. ಟೇಪಿಂದ ವಾಪಸ್ ತರೋ ಹೊತ್ತಿಗೆ ಭಾನುವಾರ ಸಂಜೆ. ಮ್ಯಾಪಿಂಗ್ ತಪ್ಪು ಯಾರದೋ ಇರ್ಬಹುದು, ಎಂಟರ್ ಒತ್ತಿದ ಬೆರಳು ನಂದೇ.

ಆದ್ದರಿಂದ -ಎಫ್ ಅನ್ನೋದನ್ನ ಕೈ ಅಭ್ಯಾಸಕ್ಕೆ ಹಾಕ್ಬೇಡಿ. ಹಾಗೇ ಫಾರ್ಮ್ಯಾಟ್ ಒಳಗೆ ಡಿಸ್ಕ್ ಆರಿಸಿದ ತಕ್ಷಣ ಲೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇಲ್ಲ, ಈಗ ಹಾಕ್ಲಾ ಅಂತ ಕೇಳುತ್ತೆ, ವೈ ಅಂತ ಒತ್ತೋಕೆ ಮುಂಚೆ ನಿಲ್ಲಿ. ಲೇಬಲ್ ಇಲ್ಲ ಅಂದ್ರೆ ಖಾಲಿ ಅಂತ ಅಲ್ಲ, ವಿಎಂವೇರ್‌ದೋ ಎಐಎಕ್ಸ್‌ದೋ ಡಿಸ್ಕ್ ಆಗಿದ್ರೂ ಸೋಲಾರಿಸ್ ಕಣ್ಣಿಗೆ ಲೇಬಲ್ ಇಲ್ಲದೇ ಇರೋ ಡಿಸ್ಕೇ. ಶೀಟಿಗಿಂತ ಒಂದು ಡಿಸ್ಕ್ ಜಾಸ್ತಿ ಕಂಡ್ರೂ ಕೆಲಸ ನಿಲ್ಸಿ ಸ್ಟೋರೇಜ್‌ನೋರನ್ನ ಕೇಳಿ.

ಲೇಬಲ್, ಪೂಲ್

2 ಟಿಬಿಗಿಂತ ದೊಡ್ಡ ಲನ್‌ಗೆ ಇಎಫ್‌ಐ ಲೇಬಲ್ ಬೇಕೇ ಬೇಕು, ಹಳೇ ಎಸ್‌ಎಂಐ ಲೇಬಲ್ ಅಷ್ಟು ದೂರ ಹೋಗಲ್ಲ. ಫಾರ್ಮ್ಯಾಟ್ -ಇ ಅಂತ ಹೋದ್ರೆ ಯಾವುದು ಬೇಕು ಅಂತ ಕೇಳುತ್ತೆ. ಝಡ್‌ಎಫ್‌ಎಸ್‌ಗೆ ಇಡೀ ಡಿಸ್ಕ್ ಕೊಟ್ರೆ ಇಎಫ್‌ಐ ತಾನೇ ಹಾಕ್ಕೊಳ್ಳುತ್ತೆ. ಹಳೇ ಫೈಲ್‌ಸಿಸ್ಟಂ ಯುಎಫ್‌ಎಸ್ ಆದ್ರೆ ನ್ಯೂಎಫ್‌ಎಸ್ ಮಾಡಿ ವಿಎಫ್‌ಎಸ್‌ಟ್ಯಾಬಲ್ಲಿ ಏಳು ಕಾಲಂ ತುಂಬ್ಬೇಕು, ಝಡ್‌ಎಫ್‌ಎಸ್‌ಗೆ ಆ ತಾಪತ್ರಯ ಇಲ್ಲ, ಝಡ್‌ಪೂಲ್ ಕ್ರಿಯೇಟ್, ಪೂಲ್ ಹೆಸರು, ಡಿಸ್ಕ್ ಹೆಸರು, ಮುಗೀತು.

ಅರೇ ಒಳಗೆ ರೇಡ್ ಇದ್ಯಲ್ಲ, ಇಲ್ಲಿ ಮತ್ತೆ ಮಿರರ್ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಒಂದೇ ಲನ್ ಮೇಲೆ ಪೂಲ್ ಕಟ್ಟಿದ್ರೆ ಡೇಟಾ ಕೆಟ್ಟಿದೆ ಅಂತ ಝಡ್‌ಎಫ್‌ಎಸ್ ಹೇಳುತ್ತೆ, ರಿಪೇರಿ ಮಾಡೋಕೆ ಅದರ ಹತ್ರ ಇನ್ನೊಂದು ಕಾಪಿ ಇರಲ್ಲ. ಬಜೆಟ್ ಇದ್ರೆ ಎರಡು ಬೇರೆ ಅರೇಯಿಂದ ಒಂದೊಂದು ಲನ್ ತಗೊಂಡು ಮಿರರ್ ಮಾಡಿ, ಇಲ್ಲಾಂದ್ರೆ ಬ್ಯಾಕಪ್ ಮೇಲೆ ಭಾರ ಹಾಕಿ. ಒರಾಕಲ್ ಡೇಟಾಬೇಸ್ ಕೂರಿಸೋದಾದ್ರೆ ಡೇಟಾಫೈಲ್ ಇಡೋ ಫೈಲ್‌ಸಿಸ್ಟಂಗೆ ರೆಕಾರ್ಡ್‌ಸೈಜ್‌ನ ಡೇಟಾಬೇಸ್ ಬ್ಲಾಕ್ ಸೈಜಿಗೆ ಸಮ ಮಾಡಿ, ಸಾಮಾನ್ಯವಾಗಿ 8ಕೆ, ಅದೂ ಡೇಟಾ ತುಂಬೋಕೆ ಮುಂಚೆ, ಆಮೇಲೆ ಬದಲಾಯ್ಸಿದ್ರೆ ಹಳೇ ಫೈಲಿಗೆ ಲೆಕ್ಕ ಇಲ್ಲ. ಮೆಮೊರಿ ಎಲ್ಲಾ ಝಡ್‌ಎಫ್‌ಎಸ್ ಕ್ಯಾಶ್ ನುಂಗದೆ ಇರ್ಲಿ ಅಂತ ಈಟಿಸಿ ಸಿಸ್ಟಂ ಫೈಲಲ್ಲಿ ಝಡ್‌ಎಫ್‌ಎಸ್ ಆರ್ಕ್ ಮ್ಯಾಕ್ಸ್‌ಗೂ ಒಂದು ಮಿತಿ ಹಾಕಿ.

ಕ್ಯೂ ಡೆಪ್ತ್, ಅಂದ್ರೆ ಒಂದೇ ಸಲಕ್ಕೆ ಸಾಲಲ್ಲಿ ನಿಲ್ಲೋ ಐಓ ಸಂಖ್ಯೆ, ಅದರ ಬಗ್ಗೆ ಒಂದೇ ಮಾತು. ಸೋಲಾರಿಸ್ ಒಂದು ಲನ್‌ಗೆ 256 ಐಓ ತನಕ ತಳ್ಳೋಕೆ ನೋಡುತ್ತೆ. ಅರೇ ಪೋರ್ಟ್ 512 ತಡ್ಕೊಳ್ಳುತ್ತೆ, ಅದರ ಹಿಂದೆ 16 ಲನ್ ಇದೆ ಅಂದ್ಕೊಳ್ಳಿ, ಆಗ ಭಾಗಿಸಿದ್ರೆ ತಲಾ 32. ಇದನ್ನ ಎಸ್‌ಎಸ್‌ಡಿ ಮ್ಯಾಕ್ಸ್ ಥ್ರಾಟಲ್ ಅಂತ ಅದೇ ಸಿಸ್ಟಂ ಫೈಲಲ್ಲಿ ಹಾಕಿ ರೀಬೂಟ್ ಮಾಡ್ಬೇಕು. ನಿಮ್ಮ ಅರೇ ನಂಬರ್ ನಿಮ್ಮ ಅರೇ ಕಂಪನಿ ಡಾಕ್ಯುಮೆಂಟಲ್ಲೇ ನೋಡಿ, ನಂದನ್ನ ಕಾಪಿ ಹೊಡೀಬೇಡಿ.

ಕೇಬಲ್ ಎಳೆದು ನೋಡಿ

ಇದನ್ನ ಮಾಡದೆ ಸರ್ವರ್ ಒಪ್ಪಿಸ್ಬೇಡಿ. ಹೊಸ ಪೂಲಿಗೆ ಒಂದು ದೊಡ್ಡ ಫೈಲ್ ಬರೆಯೋಕೆ ಬಿಟ್ಟು, ಇನ್ನೊಂದು ಕಿಟಕೀಲಿ ಐಓಸ್ಟಾಟ್ -ಎಕ್ಸ್‌ಎನ್‌ಝಡ್ 5 ಓಡಿಸಿ, ಡೇಟಾ ಸೆಂಟರಲ್ಲಿರೋರಿಗೆ ಎ ಕಡೆ ಕೇಬಲ್ ಎಳೀರಿ ಅನ್ನಿ. ಕೆಲವು ಸೆಕೆಂಡ್ ಬರವಣಿಗೆ ನಿಂತು ಮತ್ತೆ ಶುರು ಆಗ್ಬೇಕು. ಮೆಸೇಜಸ್ ಫೈಲಲ್ಲಿ ಮಲ್ಟಿಪಾಥ್ ಸ್ಟೇಟಸ್ ಡಿಗ್ರೇಡೆಡ್ ಅಂತ ಬರುತ್ತೆ, ಎಂಪಾಥ್‌ಎಡಿಎಂ ಆಪರೇಷನಲ್ ಪಾಥ್ ಎರಡು ಅಂತ ತೋರ್ಸುತ್ತೆ. ವಾಪಸ್ ಸಿಗಿಸಿ, ನಾಲ್ಕು ಆಗೋ ತನಕ ಕಾಯಿರಿ, ಆಮೇಲಷ್ಟೇ ಬಿ ಕಡೆ. ನಾಲ್ಕಾಗೋ ಮುಂಚೆ ಅವಸರ ಮಾಡಿ ಬಿ ಎಳೆದ್ರೆ ಪೂಲೇ ನೇತಾಡುತ್ತೆ. ಎಲ್ಲಾ ಮುಗಿದ್ಮೇಲೆ ಐಓಸ್ಟಾಟ್ -ಇಎನ್ ನೋಡಿ, ಇಲ್ಲಿ ಇ ದೊಡ್ಡದು, ಟ್ರಾನ್ಸ್‌ಪೋರ್ಟ್ ಎರರ್ ಎಷ್ಟಿದೆ ಅಂತ ಬರೆದಿಟ್ಕೊಳ್ಳಿ. ನೀವೇ ಕೇಬಲ್ ಎಳೆದಿದ್ರಿಂದ ಸ್ವಲ್ಪ ಇರುತ್ತೆ, ವಾರ ಬಿಟ್ಟು ಏರಿದ್ರೆ ಆಗ ಯೋಚನೆ ಮಾಡಿ.

ಲನ್ ವಾಪಸ್ ಕೊಡೋವಾಗ

ಕೊಡೋದಕ್ಕೂ ಒಂದು ಕ್ರಮ ಇದೆ, ಜನ ಇದನ್ನೇ ತಲೆಕೆಳಗೆ ಮಾಡ್ತಾರೆ. ಮೊದಲು ಝಡ್‌ಪೂಲ್ ಎಕ್ಸ್‌ಪೋರ್ಟ್, ಆಮೇಲೆ ಆ ಡಿಸ್ಕ್ ಮೇಲೆ ಐಓಸ್ಟಾಟಲ್ಲಿ ಏನೂ ಓಡ್ತಿಲ್ಲ ಅಂತ ನೋಡಿ, ಆಮೇಲಷ್ಟೇ ಸ್ಟೋರೇಜ್‌ನೋರಿಗೆ ತೆಗೀರಿ ಅಂತ ಮೇಲ್, ಅದರಲ್ಲಿ 32 ಅಂಕಿನೂ ಪೂರ್ತಿ ಹಾಕಿ. ಅವರು ತೆಗೆದ್ಮೇಲೆ ಸಿಎಫ್‌ಜಿಎಡಿಎಂ ಅದನ್ನ ಅನ್‌ಯೂಸಬಲ್ ಇಲ್ಲಾ ಫೇಲಿಂಗ್ ಅಂತ ತೋರ್ಸುತ್ತೆ, ಅನ್‌ಯೂಸಬಲ್ ಎಸ್‌ಸಿಎಸ್‌ಐ ಲನ್ (ಎಸ್‌ಸಿಎಸ್‌ಐ, ಲನ್ ಎರಡೂ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್) ಅನ್ನೋ -ಓ ಆಪ್ಷನ್ ಜೊತೆ ಅನ್‌ಕಾನ್ಫಿಗರ್ ಕೊಟ್ಟು, ಡೆವ್‌ಎಫ್‌ಎಸ್‌ಎಡಿಎಂ -ಸಿ ಓಡಿಸಿ, ಈ ಸಿ ದೊಡ್ಡಕ್ಷರ, ಸತ್ತ ಹೆಸರುಗಳು ಗುಡಿಸ್ಕೊಂಡು ಹೋಗುತ್ತೆ. ಆಮೇಲೆ ಶೀಟ್ ತೆಗೆದು ಆ ಸಾಲಿನ ಮೇಲೆ ಗೀಟು ಎಳೆದು ತಾರೀಖು ಹಾಕಿ, ಸಾಲು ಅಳಿಸ್ಬೇಡಿ, ಅದೇ ಎಲ್‌ಡೆವ್ ನಂಬರ್ ಆರು ತಿಂಗಳಾದ್ಮೇಲೆ ಇನ್ಯಾರದೋ ಸರ್ವರಿಗೆ ಹೋಗಿರುತ್ತೆ.